ಹೆಸರು ಯಾವ ದಾರಿಲಿಂದ ಹೋಗ್ಯಾದ ನೋಡು

ದುಬೈ,
ಐತವಾರ

ಅವ್ವಗ, ಅಪ್ಪಗ ಶರಣು ಶರಣಾರ್ಥಿ. ಕಾಕಾಗ ನಮಸ್ಕಾರ ಹೇಳ್ರಿ. ಇಲ್ಲಿ ಎಲ್ಲಾ ಆರಾಮ ಅದ.

ತಮ್ಮಾ, ನಿನ್ನ ಪತ್ರ ಓದ್ದೆ. ನವೆಂಬರ್ ಕಾರ್ಯಕ್ರಮಕ್ಕ ಪರದೇಶದ ಒಬ್ಬ ಹಾಡುಗಾರನ ಕರಸಬೇಕಂತ ಸಂಘದವರು ಕುಂತಾರ, ಏಜೆಂಟ್ ‘ಇವ ಹದಿನಾಲ್ಕು ದೇಶದಾಗ ಫೇಮಸ್, ಇನ್‌ಸ್ಟಾಗ್ರಾಂದಾಗ 50 ಲಕ್ಷ ಫಾಲೋವರ್ ಅದಾರ’ ಅಂತ ಹೇಳ್ಯಾನ, ಅಷ್ಟು ರೊಕ್ಕ ಕೊಡಬೇಕಾ ಬ್ಯಾಡಾ ಅಂತ ಕೇಳಿದಿ. ಅಪ್ಪ ಕೇಳಿದ್ದು ಬ್ಯಾರೆ: ಜಪಾನಿನ ಮಂದಿಗಿ ರಜನಿಕಾಂತ್ ಖರೇನೇ ಗೊತ್ತಾ, ಇಲ್ಲಾ ಪೇಪರ್‌ನವರು ಸುಮ್ಮ ಬರೀತಾರಾ ಅಂತ. ಅಪ್ಪನ ಪ್ರಶ್ನೆದಾಗೇ ನಿನ್ನ ಉತ್ತರ ಅದ, ಹಂಗಾಗಿ ಅಲ್ಲಿಂದನೇ ಸುರು ಮಾಡ್ತೀನಿ.

ಅಪ್ಪಗ ಹೇಳು, ಖರೇನೇ ಗೊತ್ತು. 1995ರ ‘ಮುತ್ತು’ ಸಿನಿಮಾ ಒಬ್ಬ ಜಪಾನಿ ವಿಮರ್ಶಕ ಸಿಂಗಪುರದಾಗ ನೋಡಿ ಮೆಚ್ಚಿ ತನ್ನ ದೇಶದವರಿಗಿ ಹೇಳಿದ. 1998ರಾಗ ಟೋಕಿಯೋದ ಶಿಬುಯಾ ಅನ್ನೋ ಕಡಿ ಒಂದು ಥೇಟರ್‌ದಾಗ ಜಪಾನಿ ಸಬ್‌ಟೈಟಲ್ ಹಾಕಿ ಬಿಟ್ರು. ತಿಂಗಳುಗಟ್ಟಲೆ ನಡೀತು. ನೋಡಿದವರು ಅಲ್ಲಿರೋ ನಮ್ಮ ಮಂದಿ ಅಲ್ಲ, ಜಪಾನಿನವರೇ. ಜಪಾನಿನಾಗ ಭಾರತದ ಸಿನಿಮಾದ ಗಳಿಕಿಯೊಳಗ ಅದರ ದಾಖಲೆ 24 ವರ್ಷ ಯಾರೂ ಮುರಿಯಲಿಲ್ಲ. 2022ರ ಅಕ್ಟೋಬರ್‌ದಾಗ ಅಲ್ಲಿ ಬಿಡುಗಡೆ ಆದ ‘ಆರ್‌ಆರ್‌ಆರ್’ ಬಂದೇ ಮುರೀತು. ಬೆಂಗಳೂರಾಗ ಹುಟ್ಟಿ ಅಲ್ಲೇ ಬಸ್ ಕಂಡಕ್ಟರ್ ಆಗಿದ್ದ ಮನಷಾ ಟೋಕಿಯೋ ಮುಟ್ಟಿದ್ದು ತಮಿಳು ಸಿನಿಮಾದ ದಾರಿಲಿಂದ, ಅದೂ ಸಿಂಗಪುರದ ಮ್ಯಾಲ ಹಾದು. ಆ ದಾರಿ ಇರ್ಲಿಲ್ಲಂದ್ರ ಅದೇ ಮುಖ, ಅದೇ ನಟನೆ ಇದ್ರೂ ಅಲ್ಲಿ ಯಾರೂ ಗುರುತು ಹಿಡೀತಿರ್ಲಿಲ್ಲ.

ಒಬ್ಬರ ಹೆಸರು ಒಂದು ದೇಶಕ್ಕ ಹೋಗ್ಯಾದ ಅಂದ್ರ ಯಾರೋ ಒಬ್ಬರು ಹೊತ್ಕೊಂಡು ಹೋಗ್ಯಾರ ಅಂತ ಅರ್ಥ. ಯಾರು ಹೊತ್ರು, ಯಾವ ಭಾಷಾದಾಗ, ಯಾವ ವರ್ಷ, ಇದನ್ನ ಮೊದಲು ಹುಡುಕು. ಅಪ್ಪಗ ಇಷ್ಟವಾದ ರಾಜ್ ಕಪೂರ್‌ದೇ ತಗೋ. ‘ಆವಾರಾ’ 1954ರಾಗ ಸೋವಿಯತ್ ದೇಶದಾಗ ಬಿಡುಗಡೆ ಆಗಿ ಸುಮಾರು 6.4 ಕೋಟಿ ಟಿಕೆಟ್ ಹೋದವು. ಅಲ್ಲಿ ಸಿನಿಮಾ ಕೊಳ್ಳೋದು, ರಷ್ಯನ್ ಭಾಷಾಕ್ಕ ಡಬ್ ಮಾಡೋದು, ಊರೂರಿಗಿ ಕಳಸೋದು, ಎಲ್ಲಾ ಸರ್ಕಾರನೇ ಮಾಡ್ತಿತ್ತು. ಹಾಲಿವುಡ್ ಸಿನಿಮಾ ಒಳಗ ಬರೋದು ಭಾಳ ಕಮ್ಮಿ. ಮಿಥುನ್ ಚಕ್ರವರ್ತಿಯ ‘ಡಿಸ್ಕೋ ಡಾನ್ಸರ್’ 1984ರಾಗ ಅದೇ ದಾರಿಲಿಂದ ಹೋಗಿ 6 ಕೋಟಿ ಆಸುಪಾಸು ಟಿಕೆಟ್ ಮುಟ್ಟಿತು. 1991ರಾಗ ದೇಶನೇ ಒಡದು ಹೋದಾಗ ಆ ಸರ್ಕಾರಿ ಖರೀದಿನೂ ನಿಂತಿತು. ಈಗ ಆ ಕಡಿ ವಯಸ್ಸಾದವರು ರಾಜ್ ಕಪೂರ್ ಹೆಸರು ಕೇಳಿದ್ರ ಹಾಡು ಗುನುಗ್ತಾರ, ಅವರ ಮೊಮ್ಮಕ್ಕಳಿಗಿ ಹೆಸರೇ ಹೊಸದು. ಒಂದು ದೇಶದೊಳಗೂ ಹೆಸರಿಗಿ ವಯಸ್ಸು ಇರ್ತದ, ಇದು ನೆನಪಿಟ್ಕೋ, ಮುಂದ ಬೇಕಾಗ್ತದ.

ಜರ್ಮನಿದಾಗ ಶಾರುಖ್ ಖಾನ್ ಹೆಸರು ಮಾಡಿದ್ದು ಥೇಟರ್‌ದಾಗ ಅಲ್ಲ, ಟಿವಿದಾಗ. 2004ರಾಗ ಆರ್‌ಟಿಎಲ್ ಟೂ ಅನ್ನೋ ಚಾನೆಲ್ ‘ಕಭಿ ಖುಷಿ ಕಭಿ ಗಮ್’ ಜರ್ಮನ್ ಭಾಷಾಕ್ಕ ಡಬ್ ಮಾಡಿ ಹಾಕಿತು, ಮನಿಮನಿ ಹೆಣ್ಣುಮಕ್ಕಳು ನೋಡಿದ್ರು. ಅದೇ ಜರ್ಮನಿದಾಗ ಅಮೆರಿಕದ ಟಿವಿ ನಟ ಡೇವಿಡ್ ಹ್ಯಾಸಲ್‌ಹಾಫ್ ಹಾಡುಗಾರ ಆಗಿ ಮೆರದ. 1989ರಾಗ ಅವನ ಹಾಡು ಎಂಟು ವಾರ ಒಂದನೇ ನಂಬರಿನಾಗ ಇತ್ತು. ಬರ್ಲಿನ್ ಗೋಡಿ ತೆರೆದ ವರ್ಷದ ಕೊನೀ ರಾತ್ರಿ ಅಲ್ಲಿ ನಿಂತು ಹಾಡಿದ. ಅಮೆರಿಕದಾಗ ಅವ ಹಾಡ್ತಾನ ಅನ್ನೋದೇ ಭಾಳ ಮಂದಿಗಿ ಲೆಕ್ಕಕ್ಕ ಇಲ್ಲ.

ಎಲ್ಲಾಕಿಂತ ನನ್ನ ಮನಸ್ಸಿಗಿ ಹತ್ತಿದ್ದು ರೊಡ್ರಿಗೆಜ್ ಅನ್ನೋ ಹಾಡುಗಾರಂದು. ಅಮೆರಿಕದ ಡೆಟ್ರಾಯ್ಟ್ ಊರಿನವ. 1970ರಾಗ ಬಂದ ಅವನ ಮೊದಲ ರೆಕಾರ್ಡ್ ಸ್ವಂತ ದೇಶದಾಗ ಯಾರೂ ಕೊಳ್ಳಲಿಲ್ಲ, ಅವ ಮನಿ ಕೆಡವೋದು, ರಿಪೇರಿ ಮಾಡೋದು ಹಿಂಗ ಕೂಲಿ ಕೆಲಸ ಮಾಡ್ಕೋತ ಇದ್ದ. ಅದೇ ರೆಕಾರ್ಡ್ ದಕ್ಷಿಣ ಆಫ್ರಿಕಾದಾಗ ಟೇಪಿಗಿ ನಕಲು ಮಾಡಿ ಮಾಡಿ ಕೇಳಿದ್ರು. ವರ್ಣಭೇದದ ಕಾಲ, ಹೊರಗಿನ ಸುದ್ದಿ ಒಳಗ ಬರ್ತಿರ್ಲಿಲ್ಲ, ಅವ ಸತ್ತೇ ಹೋಗ್ಯಾನ ಅಂತ ಅಲ್ಲಿಯವರು ತಿಳ್ಕೊಂಡಿದ್ರು. 1998ರಾಗ ಅವ ಅಲ್ಲಿಗಿ ಹೋದಾಗ ಸಾವಿರಾರು ಮಂದಿ ಸಭಾಂಗಣ ತುಂಬ್ಯಾರ. ಹಿತ್ತಲ ಗಿಡ ಮದ್ದಲ್ಲ ಅಂತ ಅವ್ವ ಅಂತಾಳಲ್ಲ, ಅದಕ್ಕ ಇದಕ್ಕಿಂತ ಸಾಕ್ಷಿ ಬ್ಯಾಡ. ಆದ್ರ ನೋಡು, ದಕ್ಷಿಣ ಆಫ್ರಿಕಾದ ಆ ಸಭಾಂಗಣದ ಫೋಟೋ ತೋರಿಸಿ ಆಗ ನ್ಯೂಯಾರ್ಕಿನಾಗ ಟಿಕೆಟ್ ಮಾರ್ತೀನಿ ಅಂದಿದ್ರ ಖುರ್ಚಿ ಖಾಲಿನೇ ಇರ್ತಿದ್ವು. ಏಜೆಂಟರು ನಿನಗ ತೋರ್ಸೋದು ಇಂಥ ಫೋಟೋನೇ.

ಚೀನಾದಾಗ ಆಮೀರ್ ಖಾನ್‌ನ ‘ದಂಗಲ್’ 2017ರಾಗ 1,200 ಕೋಟಿ ರೂಪಾಯಿ ದಾಟಿತು, ಭಾರತದಾಗ ಬಂದದ್ದರ ಎರಡು ಪಟ್ಟಿಗಿಂತ ಹೆಚ್ಚು. ಮಕ್ಕಳ ಓದು, ಪರೀಕ್ಷಾ, ತಂದಿ-ತಾಯಿ ಒತ್ತಾಯ, ಇವು ಅಲ್ಲಿಯವರ ಮನಿ ಮಾತೇ. ಹಂಗಾಗಿ ‘ತ್ರೀ ಈಡಿಯಟ್ಸ್’ ಕಾಲದಿಂದನೇ ಅವನ ಹೆಸರು ಒಳಗ ಇಳದಿತ್ತು. ಅಷ್ಟು ದೊಡ್ಡ ಹೆಸರಿದ್ರೂ ಮುಂದಿನ ವರ್ಷ ‘ಥಗ್ಸ್ ಆಫ್ ಹಿಂದೂಸ್ತಾನ್’ ಅಲ್ಲಿ ಬಿದ್ದೇ ಹೋಯ್ತು. ಮಂದಿ ಹೆಸರು ಬಲ್ಲರು ಅಂದ್ರ ಟಿಕೆಟ್ ಕೊಳ್ತಾರ ಅಂತ ಅಲ್ಲ.

ಆಟದವರದು ಇನ್ನೂ ಸರಳ, ಆಟ ಹೋದ ಕಡಿ ಅಷ್ಟೇ ಹೆಸರು. ಶೋಹೇ ಒಟಾನಿ ಅನ್ನೋ ಜಪಾನಿ ಬೇಸ್‌ಬಾಲ್ ಆಟಗಾರ 2023ರಾಗ ಅಮೆರಿಕದ ತಂಡದ ಕೂಡ ಹತ್ತು ವರ್ಷಕ್ಕ 70 ಕೋಟಿ ಡಾಲರ್ ಕರಾರು ಮಾಡ್ಯಾನ. ನಮ್ಮ ಕಲಬುರಗಿಯ ಜಗತ್ ಸರ್ಕಲ್‌ದಾಗ ನಿಂತ್ರ ಅವನ ಯಾರು ಮಾತಾಡಸ್ತಾರ? ಮಾತೇ ಬ್ಯಾಡದ ಮುಖಗಳು ಮಾತ್ರ ಎಲ್ಲಾ ಗಡಿ ದಾಟ್ತಾವ. ಚಾಪ್ಲಿನ್ ದಾಟಿದ, ಮಿಸ್ಟರ್ ಬೀನ್ ಬರೇ 15 ಕಂತಿನಾಗ ದಾಟಿದ. ಮಾತಿನ ಮ್ಯಾಲ ನಗಸೋರು ಡಬ್ ಆಗಿ ದಾಟೋದು ಕಷ್ಟ.

ಇಷ್ಟು ದೂರ ಯಾಕ, ನಮ್ಮ ಕಡಿನೇ ನೋಡು. ಔರಾದ್, ಭಾಲ್ಕಿ ಕಡಿ ಮರಾಠಿ ಕೀರ್ತನಕಾರರ ಹೆಸರು ಹೇಳಿದ್ರ ಹಳ್ಳಿ ಹಳ್ಳಿನೇ ಕೂಡ್ತದ. ಗುರುಮಠಕಲ್, ಸೇಡಂ, ಚಿಂಚೋಳಿ ಕಡಿ ತೆಲುಗು ಹೀರೋನ ಕಟೌಟ್. ಕಲಬುರಗಿ ಶಹರದಾಗ ಉರ್ದು ಮುಶಾಯಿರಾಕ್ಕ ರಾತ್ರಿ ಎಲ್ಲಾ ಕೂಡೋ ಮಂದಿ ಬ್ಯಾರೆ. ನಮ್ಮ ಸುತ್ತಮುತ್ತನೇ ಹೆಸರು ಇಷ್ಟು ಬದಲಾಗ್ತದ ಅಂದ ಮ್ಯಾಲ ‘ಹದಿನಾಲ್ಕು ದೇಶ’ ಅನ್ನೋ ಮಾತಿಗಿ ತೂಕ ಎಷ್ಟು? ಆ ಹದಿನಾಲ್ಕರಾಗ ಅಲ್ಲಿಯ ಮಂದಿ ಎಷ್ಟು ಬಂದಿದ್ರು, ಅಲ್ಲಿ ನೆಲಸಿದ ಅವನ ಊರಿನವರು ಎಷ್ಟು ಬಂದಿದ್ರು ಅಂತ ಕೇಳು. ಇಲ್ಲಿ ದುಬೈದಾಗ ಕೋಕಾ-ಕೋಲಾ ಅರೇನಾದಾಗ 17,000 ಮಂದಿ ಹಿಡೀತಾರ. ಒಬ್ಬ ಹಾಡುಗಾರ ಅದನ್ನ ತುಂಬಿಸಿದ್ರ ಅಮೀರಾತ್ ದೇಶನೇ ಅವನ್ನ ಬಲ್ಲದು ಅಂತ ಅಲ್ಲ, ಅವನ ಭಾಷಾದವರು ಇಲ್ಲಿ ಅಷ್ಟು ಮಂದಿ ಕೆಲಸಕ್ಕ ಬಂದಾರ ಅಂತ. ಪೋಸ್ಟರ್ ಯಾವ ಭಾಷಾದಾಗ ಇತ್ತು ನೋಡಿದ್ರ ಅರ್ಧ ತಿಳೀತದ.

ಈಗ ನೀ ಮಾಡಬೇಕಾದ ಕೆಲಸ. ಫಾಲೋವರ್ ಎಷ್ಟು ಅಂತ ಹೊರಗಿನವರಿಗಿ ಕಾಣ್ತದ, ಎಲ್ಲಿಯವರು ಅಂತ ಕಾಣಂಗಿಲ್ಲ. ಅದು ಅವನ ಖಾತೆಯೊಳಗ ‘ಇನ್‌ಸೈಟ್ಸ್’ ಅನ್ನೋ ಕಡಿ ಇರ್ತದ, ದೇಶ, ಊರು, ವಯಸ್ಸು ಹಿಂಗ ಬ್ಯಾರೆ ಬ್ಯಾರೆ. ಸ್ಕ್ರೀನ್‌ಶಾಟ್ ತಗೋಬ್ಯಾಡ, ಅಂಕಿ ತಿದ್ದೋದು ಎರಡು ನಿಮಿಷದ ಕೆಲಸ. ಫೋನಿನ ಮೊದಲ ಪರದೆಲಿಂದ ಸುರು ಮಾಡಿ, ಆಪ್ ತೆರೆದು, ಪುಟ ಒಮ್ಮೆ ಎಳೆದು ಹೊಸದು ಮಾಡಿ, ದೇಶ ಮತ್ತ ಊರಿನ ಪಟ್ಟಿ ತೋರ್ಸೋ ತನಕ ಒಂದೇ ಸಲ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಸು ಅನ್ನು. ಸಿಕ್ಕ ಮ್ಯಾಲ ಹಿಂಗ ಲೆಕ್ಕ ಹಾಕು. ಭಾರತ 8 ಶೇಕಡಾ ಅಂತ ಬಂತು ಅಂತ ಇಟ್ಕೋ. 50 ಲಕ್ಷದಾಗ 4 ಲಕ್ಷ. 2011ರ ಜನಗಣತಿ ಪ್ರಕಾರ ನಮ್ಮ ಕಲಬುರಗಿ ಜಿಲ್ಲಾದ್ದು 25.66 ಲಕ್ಷ, ದೇಶದ್ದು 121 ಕೋಟಿ, ಅಂದ್ರ ಸಾವಿರಕ್ಕ ಎರಡರ ಮ್ಯಾಲ ಚೂರು. ಆ 4 ಲಕ್ಷ ಮಂದಿ ದೇಶದ ತುಂಬ ಸಮಾ ಹರಡ್ಯಾರ ಅಂದ್ರೂ ನಮ್ಮ ಜಿಲ್ಲಾಕ್ಕ ಬರೋರು ಸುಮಾರು 850. ಅವರಾಗ ಹತ್ತಕ್ಕ ಒಬ್ಬ ಟಿಕೆಟ್ ತಗೊಂಡ್ರ 85. ಖರೇ ಅಂದ್ರ ಸಮಾನೂ ಹರಡಿರಂಗಿಲ್ಲ, ಮುಂಬೈ, ದಿಲ್ಲಿ, ಬೆಂಗಳೂರಾಗೇ ಕೂಡಿರ್ತಾರ.

ಎರಡನೇದು ಗೂಗಲ್ ಟ್ರೆಂಡ್ಸ್, ಯಾವ ಹೆಸರು ಎಲ್ಲಿ ಎಷ್ಟು ಹುಡುಕ್ತಾರ ಅಂತ ತೋರ್ಸೋ ತಾಣ, ಪುಕ್ಕಟೆ ಅದ. ಹೆಸರು ಹೊಡೆದಾಗ ಕೆಳಗ ‘ಹಾಡುಗಾರ’ ಅಂತ ವಿಷಯ ತೋರಸ್ತದಲ್ಲ, ಅದನ್ನೇ ಆರಿಸು. ಬರೇ ಅಕ್ಷರ ಆರಿಸಿದ್ರ ಅದೇ ಹೆಸರಿನ ಬ್ಯಾರೆಯವರೂ ಕೂಡ್ತಾರ. ದೇಶ ಭಾರತ, ಆಮ್ಯಾಲ ಕರ್ನಾಟಕ, ಕಾಲ ಐದು ವರ್ಷ. ಒಂದು ವಾರದ್ದು ನೋಡಬ್ಯಾಡ, ಲಗ್ನ, ಜಗಳ, ಸಾವು ಏನರೇ ಸುದ್ದಿ ಆಗಿದ್ರ ಗೆರಿ ಒಮ್ಮೆ ಮ್ಯಾಲ ಹಾರಿ ಬೀಳ್ತದ. ಎರಡು ಹಾರಿಕಿ ನಡುವ ಗೆರಿ ಎಲ್ಲಿ ನಿಲ್ತದೋ ಅದೇ ಅವನ ದಿನನಿತ್ಯದ ಹೆಸರು. 100 ಅಂತ ಬಂದ್ರ ನೂರು ಮಂದಿ ಅಲ್ಲ, ಲಕ್ಷನೂ ಅಲ್ಲ. ಅಲ್ಲಿಯ ಒಟ್ಟು ಹುಡುಕಾಟದಾಗ ಅವನ ಪಾಲು ಎಲ್ಲಾಕಿಂತ ಹೆಚ್ಚಿದ್ದ ಜಾಗಕ್ಕ, ಇಲ್ಲಾ ಹೊತ್ತಿಗಿ, 100 ಅಂತ ಹಾಕ್ತಾರ. ಸಣ್ಣ ಊರಿಗೂ 100 ಬರಬಹುದು. ಅದಕ್ಕೇ ಒಬ್ಬನ್ನೇ ನೋಡಿದ್ರ ಏನೂ ತಿಳಿಯಂಗಿಲ್ಲ. ಹೋದ ವರ್ಷ ನೀವು ಕರಸಿ ಖುರ್ಚಿ ತುಂಬಿದ ಕಲಾವಿದರ ಹೆಸರು ಪಕ್ಕಕ್ಕ ಹಾಕು, ಒಮ್ಮೆಲೇ ಐದು ಹೆಸರು ಹೋಲಿಸಿ ನೋಡಬಹುದು. ಅವರ ಗೆರಿ 40ರಾಗ ಇದ್ದು ಇವಂದು 1ರಾಗ ಇದ್ರ ಮಾತು ಮುಗೀತು. ಅವ ಚೀನಾದಾಗ ದೊಡ್ಡವ ಅಂತ ಹೇಳಿದ್ರ ಇದರಾಗ ಹುಡುಕಬ್ಯಾಡ, ಅಲ್ಲಿ ಗೂಗಲ್ ನಡಿಯಂಗಿಲ್ಲ, ‘ಬೈದು’ ಅನ್ನೋ ಅಲ್ಲಿಯದೇ ಹುಡುಕೋ ತಾಣ ನಡೀತದ.

ಸ್ಪಾಟಿಫೈ ಅನ್ನೋ ಹಾಡು ಕೇಳೋ ಆಪ್‌ದಾಗ ಅವನ ಪುಟದ ಪರಿಚಯ ತೆರೆದ್ರ ಹೆಚ್ಚು ಕೇಳೋ ಐದು ಊರು ಕಾಣ್ತಾವ. ‘ತಿಂಗಳ ಕೇಳುಗರು’ ಅನ್ನೋದು 28 ದಿನದ ಲೆಕ್ಕ. ಮೆಕ್ಸಿಕೋ ಸಿಟಿ, ಜಕಾರ್ತಾ ಕಂಡ್ರ ಬೆರಗಾಗಬ್ಯಾಡ, ಅವು ದೊಡ್ಡ ಕೇಳೋ ಊರು, ಭಾಳ ಮಂದಿ ಪಟ್ಟಿದಾಗ ಬರ್ತಾವ. ವಿಕಿಪೀಡಿಯಾದಾಗ ಯಾವ್ಯಾವ ಭಾಷಾದಾಗ ಅವನ ಪುಟ ಅದ, ತಿಂಗಳಿಗಿ ಎಷ್ಟು ಮಂದಿ ಓದ್ತಾರ ಅಂತನೂ ನೋಡಬಹುದು. ಜಪಾನಿ ಪುಟ ಅಂದ್ರ ಹೆಚ್ಚುಕಮ್ಮಿ ಜಪಾನ್ ದೇಶನೇ. ಇಂಗ್ಲಿಷ್ ಪುಟ ಎಲ್ಲಾ ದೇಶದ್ದು ಕಲಸಿದ ಅಂಬಲಿ. ಕನ್ನಡ ಪುಟ ಓದೋರು ಕಮ್ಮಿ ಅಂದ್ರ ನಮ್ಮವರಿಗಿ ಗೊತ್ತಿಲ್ಲ ಅಂತ ತಿಳೀಬ್ಯಾಡ, ನಮ್ಮ ಹುಡುಗರು ಹುಡುಕೋದೇ ಇಂಗ್ಲಿಷ್ ಅಕ್ಷರದಾಗ.

ಇವೆಲ್ಲಾಕಿಂತ ನಾ ನಂಬೋದು ಬೀದಿಯ ಪರೀಕ್ಷಾ. ಐದು ಫೋಟೋ ತಗೋ: ಇವಂದು, ನಮ್ಮ ಕಡಿ ಎಲ್ಲಾರೂ ಬಲ್ಲ ಒಬ್ಬರದು, ನಡುವಿನ ಹೆಸರಿನ ಇಬ್ಬರದು, ಮತ್ತ ಯಾರೂ ಅಲ್ಲದ ಒಬ್ಬಂದು, ನಿನ್ನ ದೋಸ್ತನ ಕೇಳಿ ಅವಂದೇ ಹಾಕು. ಬಸ್ ನಿಲ್ದಾಣ, ಸೂಪರ್ ಮಾರ್ಕೆಟ್, ವಿಶ್ವವಿದ್ಯಾಲಯದ ಗೇಟ್, ಶರಣಬಸಪ್ಪನ ಗುಡಿ ಮುಂದ, ದರ್ಗಾದ ಓಣಿ, ಒಂದೊಂದು ಕಡಿ ಹತ್ತು ಮಂದಿ, ಒಟ್ಟು 50. ಹುಡುಗರು, ವಯಸ್ಸಾದವರು, ಹೆಣ್ಣುಮಕ್ಕಳು ಎಲ್ಲಾರೂ ಇರ್ಲಿ. ಮೊದಲು ಹೆಸರು ಹೇಳದೇ ‘ಇವರು ಯಾರು?’ ಅಂತ ಕೇಳು, ಆಮ್ಯಾಲ ಹೆಸರು ಹೇಳಿ ‘ಕೇಳೀರೇನ್ರಿ?’ ಅನ್ನು, ಕೊನೀಗಿ ‘ಇವರು ನಿಮಗ ಭಾಳ ಇಷ್ಟದವರಾ?’ ಅಂತ ಕೇಳು. ನಮ್ಮ ಮಂದಿ ಮನಸ್ಸು ನೋಯಸಬಾರದಂತ ಗೊತ್ತಿಲ್ಲದಿದ್ರೂ ಹೂಂ ಅಂತಾರ. ಅದಕ್ಕೇ ದೋಸ್ತನ ಫೋಟೋ ಬೇಕು. ಅವಗ ನಾಲ್ಕು ಮಂದಿ ‘ಕೇಳೀವಿ’ ಅಂದು, ಹಾಡುಗಾರಗ ಒಂಬತ್ತು ಮಂದಿ ಅಂದ್ರ, ಖರೇ ಬಲ್ಲವರು ಐದೇ. ಅಮೆರಿಕದಾಗ ಇದನ್ನೇ 1960ರ ದಶಕದಿಂದ ಕ್ಯೂ ಸ್ಕೋರ್ ಅಂತ ಅಳೀತಾರ, ಇಷ್ಟದವರು ಅಂದವರ ಸಂಖ್ಯೆನ ಬಲ್ಲವರ ಸಂಖ್ಯೆಲಿಂದ ಭಾಗಿಸಿ ನೂರರಿಂದ ಗುಣಿಸೋದು. 40 ಮಂದಿ ಬಲ್ಲರು, 10 ಮಂದಿಗಿ ಭಾಳ ಇಷ್ಟ ಅಂದ್ರ 25.

ಇಷ್ಟೆಲ್ಲಾ ಆಗಿ ಕರಸ್ತೀರಿ ಅಂದ್ರ ಕರಾರಿನಾಗ ಎರಡು ಮಾತು ಬರಸು. ಕಲಬುರಗಿ ಹೆಸರು ಹೇಳಿ 20 ಸೆಕೆಂಡಿನ ವಿಡಿಯೋ ಅವನ ಸ್ವಂತ ಖಾತೆದಾಗ 15 ದಿನ ಮೊದಲು ಒಮ್ಮೆ, ಮೂರು ದಿನ ಮೊದಲು ಒಮ್ಮೆ ಹಾಕಬೇಕು. ರೊಕ್ಕ ಒಮ್ಮೆಲೇ ಬ್ಯಾಡ, ಕಾಲು ಭಾಗ ಕರಾರಿಗಿ, ಕಾಲು ಭಾಗ ವೀಸಾ ಬಂದ ಮ್ಯಾಲ, ಉಳಿದದ್ದು ಕಾರ್ಯಕ್ರಮದ ದಿನ. ಟೂರಿಸ್ಟ್ ವೀಸಾದ ಮ್ಯಾಲ ಬಂದು ರೊಕ್ಕ ತಗೊಂಡು ಹಾಡಂಗಿಲ್ಲ, ಇದು ಮೊದಲೇ ಕೇಳಿಕೋ. ಮತ್ತ ಪರದೇಶದ ಕಲಾವಿದಗ ಕೊಡೋ ರೊಕ್ಕದಾಗ 20 ಶೇಕಡಾ ತೆರಿಗಿ, ಅದರ ಮ್ಯಾಲ ಸೆಸ್, ನೀವೇ ಹಿಡದು ಕಟ್ಟಬೇಕಾಗ್ತದ. ಏಜೆಂಟ್ ‘ಕೈಗಿ ಪೂರಾ ಬೇಕು’ ಅಂದ್ರ ಆ ಭಾರ ಸಂಘದ ಮ್ಯಾಲ ಬೀಳ್ತದ, ಹಂಗಾಗಿ ದರ ಮಾತಾಡುವಾಗನೇ ತೆರಿಗಿ ಒಳಗೋ ಹೊರಗೋ ಬರಸ್ಕೋ.

ಬೀದಿ ಪರೀಕ್ಷಾದ ಐವತ್ತು ಉತ್ತರ ಒಂದು ಹಾಳಿ ಮ್ಯಾಲ ಬರೆದು, ಯಾವ ಓಣಿ, ಎಷ್ಟು ವಯಸ್ಸು ಅಂತ ಹಾಕಿ ಫೋಟೋ ಕಳಸು, ರೆಕಾರ್ಡ್ ಮಾಡಿದ ವಿಡಿಯೋನೂ ಕಳಸು. ನಾ ನೋಡಿ ಹೇಳೋ ತನಕ ಮುಂಗಡ ಕೊಡಬ್ಯಾಡ. ಅಪ್ಪಗ ಶಿಬುಯಾದ ಮಾತು ಓದಿ ಹೇಳು.

ನಿನ್ನ ಅಣ್ಣ