ಕೋಟೆಗೆ ಬೋರ್ಡು ಇದೆ, ರಣಭೂಮಿಗೆ ಇಲ್ಲ

ಮಾನ್ಯ ಸಂಪಾದಕರೇ,

ಕಲ್ಯಾಣ ಕರ್ನಾಟಕದ ಕೋಟೆಗಳಲ್ಲಿ ಮುಳ್ಳುಕಂಟಿ ಕಡಿದು ಸ್ವಚ್ಛಗೊಳಿಸಬೇಕೆಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಆಗಲೇಬೇಕಾದ ಕೆಲಸ. ಆದರೆ ಕೋಟೆ ಎಂದರೆ ಗೋಡೆ, ಬುರುಜು, ತೋಪು ಮಾತ್ರ ಎಂದುಕೊಂಡು ನಾವು ಗೋಡೆಯ ಆಚೆಗಿನ ನೆಲವನ್ನು ಮರೆತುಬಿಟ್ಟಿದ್ದೇವೆ. ಯುದ್ಧ ನಡೆದದ್ದು ಬಹುಪಾಲು ಆ ನೆಲದ ಮೇಲೆ. ಅದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಸುರಪುರ ಸೀಮೆಗೆ ಫೆಬ್ರವರಿ 8 ಎರಡು ಸಲ ಬಂದ ದಿನ. 1705ರ ಫೆಬ್ರವರಿ 8ರಂದು 86 ವರ್ಷದ ಔರಂಗಜೇಬ್ ತನ್ನ ದಂಡಿನೊಂದಿಗೆ ಬೇಡ ನಾಯಕರ ವಾಗಣಗೇರಿ ಕೋಟೆಯ ಮುಂದೆ ಬಂದು ನಿಂತ. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. 1858ರ ಫೆಬ್ರವರಿ 8ರಂದು ಸುರಪುರದ ಬಯಲಿನಲ್ಲಿ ರಾಜಾ ವೆಂಕಟಪ್ಪ ನಾಯಕರ ಪಡೆ ಕಂಪನಿಯ ಕುದುರೆ ದಳವನ್ನು ಎದುರಿಸಿತು; ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಅಲ್ಲಿಯೇ ಸತ್ತ. ರಾಜರು ಆ ರಾತ್ರಿ ಊರು ಬಿಟ್ಟು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆಸಿಕ್ಕರು, ಅದೇ ವರ್ಷ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ಎರಡು ವರ್ಷದಲ್ಲಿ ಸಂಸ್ಥಾನವೇ ನಿಜಾಮನ ಪಾಲಾಯಿತು.

ವೆಂಕಟಪ್ಪ ನಾಯಕರ ಹೆಸರನ್ನಾದರೂ ನಮ್ಮ ಮಕ್ಕಳು ಕೇಳಿರುತ್ತಾರೆ. ವಾಗಣಗೇರಿಯ ಕಥೆ ಅಷ್ಟೂ ಗೊತ್ತಿಲ್ಲ. ದಖ್ಖನಿನ ಎರಡು ದೊಡ್ಡ ಸುಲ್ತಾನಶಾಹಿಗಳನ್ನು ನುಂಗಿದ್ದ ಬಾದಶಹನ ಸೈನ್ಯವನ್ನು ಬೇಡರ ಪಿಡ್ಡ ನಾಯಕ ಸುಮಾರು ಎರಡೂವರೆ ತಿಂಗಳು ಆ ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ. ಬೇಡರ ಬಂದೂಕಿನ ಗುರಿ ತಪ್ಪುವುದಿಲ್ಲ ಎಂಬುದು ಶತ್ರುಗಳಿಗೂ ಗೊತ್ತಿತ್ತು. ನಡುವೆ ಸಂಧಾನದ ಮಾತಾಡಿ ದಿನ ನೂಕಿದ. ಧನಾಜಿ ಜಾಧವನ ಮರಾಠಾ ಪಡೆ ನೆರವಿಗೆ ಬಂತು. ಕೊನೆಗೆ ಏಪ್ರಿಲ್ 27ರ ರಾತ್ರಿ ಬೇಡರು ಕೋಟೆಗೆ ಬೆಂಕಿಯಿಟ್ಟು ಹೊರಬಿದ್ದರು. ಮೊಗಲರ ಕೈಗೆ ಸಿಕ್ಕಿದ್ದು ಉರಿಯುತ್ತಿದ್ದ ಮನೆಗಳು. ಆಮೇಲೆ ಬಾದಶಹ ಕೃಷ್ಣೆಯ ಸಮೀಪದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿ, ಅಲ್ಲಿಯೇ ಕಾಯಿಲೆ ಬಿದ್ದ. ಎರಡು ವರ್ಷವೂ ಕಳೆಯುವ ಮುನ್ನ ಅಹಮದ್‌ನಗರದಲ್ಲಿ ಸತ್ತ. ಹಿಂದುಸ್ಥಾನದ ಚರಿತ್ರೆ ಹೊರಳಿಕೊಂಡ ಹೊತ್ತಿನಲ್ಲಿ ನಮ್ಮ ಈ ಕಲ್ಲುಗುಡ್ಡಗಳು ಅದಕ್ಕೆ ಸಾಕ್ಷಿಯಾಗಿದ್ದವು.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಅಷ್ಟು ವರ್ಷವೂ ಈ ಕಥೆಯನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ. ಮೂಲ ಗ್ರಂಥಗಳು ದೂರದ ಗ್ರಂಥಾಲಯಗಳಲ್ಲಿದ್ದವು. ಈಗ ಹಾಗಲ್ಲ. ಔರಂಗಜೇಬನ ಆಳ್ವಿಕೆಯ ಬಗ್ಗೆ ಸಾಕಿ ಮುಸ್ತೈದ್ ಖಾನ್ ಪಾರಸಿಯಲ್ಲಿ ಬರೆದ ‘ಮಾಸಿರ್-ಇ-ಆಲಂಗೀರಿ’ಯನ್ನು ಜದುನಾಥ ಸರ್ಕಾರರು ಇಂಗ್ಲಿಷಿಗೆ ತಂದಿದ್ದು, ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್‌ನ ಆತ್ಮಚರಿತ್ರೆ, 1877ರಲ್ಲಿ ಅಚ್ಚಾದದ್ದು, ಅದೂ ಅಲ್ಲಿದೆ. ಬೀದರಿನ ಸ್ಮಾರಕಗಳ ಬಗ್ಗೆ ಗುಲಾಂ ಯಜ್ದಾನಿಯವರು ಬರೆದ ದೊಡ್ಡ ಗ್ರಂಥವೂ ಇದೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ದಲ್ಲಿ ಹಳೆಯ ಸರ್ಕಾರಿ ಕಡತಗಳನ್ನು ಹುಡುಕಬಹುದು. ನಿವೃತ್ತನಾದ ಮೇಲೆ ಮೊಮ್ಮಗಳ ಮೊಬೈಲಿನಲ್ಲಿ ಇವನ್ನು ಓದುತ್ತ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ.

ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮುತ್ತಿಗೆಯ ವಿವರಗಳಲ್ಲಿ ‘ಲಾಲ್ ಟಿಕ್ರಿ’ ಎಂಬ ಒಂದು ಗುಡ್ಡ ಬರುತ್ತದೆ. ಕೆಂಪು ಗುಡ್ಡ ಎಂದರ್ಥ. ಮೊಗಲರು ಅದನ್ನು ಹಿಡಿದರು, ಬೇಡರು ಗುಂಡು ಹಾರಿಸಿ, ಕಲ್ಲು ಉರುಳಿಸಿ ಮರಳಿ ಕಿತ್ತುಕೊಂಡರು. ಆ ಪುಟಗಳನ್ನು ಮುದ್ರಿಸಿಕೊಂಡು ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರ ಜೊತೆ ವಾಗಣಗೇರಿಗೆ ಹೋದೆ. ಇಬ್ಬರು ಹಿರಿಯರನ್ನು ಕೇಳಿದಾಗ ಒಬ್ಬರು ಒಂದು ಗುಡ್ಡ ತೋರಿಸಿದರು, ಇನ್ನೊಬ್ಬರು ಬೇರೆಯದನ್ನು. ಎರಡನ್ನೂ ಹತ್ತಿದೆವು. ಒಂದರ ನೆತ್ತಿಯಿಂದ ಕಣಿವೆ ಪೂರ್ತಿ ಕಾಣುತ್ತದೆ. ಆ ಜಾಗಕ್ಕಾಗಿ ಯಾಕೆ ಅಷ್ಟು ರಕ್ತ ಹರಿಯಿತೆಂದು ಹೇಳಿಕೊಡಬೇಕಾದ ಅಗತ್ಯವೇ ಬೀಳಲಿಲ್ಲ, ಹುಡುಗರು ತಾವೇ ಹೇಳಿದರು. ಇನ್ನೊಂದರ ಒಂದು ಮಗ್ಗುಲನ್ನು ಜೆಸಿಬಿ ಹಚ್ಚಿ ಗರಸು ಮಣ್ಣಿಗಾಗಿ ಕಡಿದಿದ್ದರು. ಅದೇ ಕೆಂಪು ಗುಡ್ಡವಾಗಿದ್ದರೆ? ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಕಾನೂನಿಗೆ ಕಲ್ಲು ಕಾಣುತ್ತದೆ, ಮಣ್ಣು ಕಾಣುವುದಿಲ್ಲ. 1958ರ ಕೇಂದ್ರ ಕಾಯ್ದೆಯಾಗಲಿ, 1961ರ ರಾಜ್ಯ ಕಾಯ್ದೆಯಾಗಲಿ ಕಟ್ಟಡ, ಗುಹೆ, ಶಾಸನ, ಅವಶೇಷವಿರುವ ನಿವೇಶನಗಳನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಗುತ್ತದೆ. ಆದರೆ ತೋಪುಗಳನ್ನು ನಿಲ್ಲಿಸುವುದು ಗೋಡೆಯಿಂದ ನೂರು ಮೀಟರಿನೊಳಗೆ ಅಲ್ಲವಲ್ಲ! 1657ರಲ್ಲಿ ಇದೇ ಔರಂಗಜೇಬ್, ಆಗ ರಾಜಕುಮಾರ, ಬೀದರ್ ಕೋಟೆಗೆ 27 ದಿನ ಮುತ್ತಿಗೆ ಹಾಕಿದ್ದ. ಬುರುಜಿನ ಮದ್ದು ಸಿಡಿದು ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟು ಗಾಯಗೊಂಡ ಮೇಲೆಯೇ ಕೋಟೆ ಬಿದ್ದದ್ದು. ಆ ಕಂದಕ, ಬುರುಜುಗಳನ್ನು ಪ್ರವಾಸಿಗರು ನೋಡಿ ಬರುತ್ತಾರೆ. ಮೊಗಲರ ತೋಪುಗಳು ಎಲ್ಲಿ ನಿಂತಿದ್ದವು ಎಂದು ಅವರಿಗೆ ತೋರಿಸುವವರು ಯಾರು?

ಇಂಗ್ಲೆಂಡಿನಲ್ಲಿ 1995ರಿಂದ ರಣಭೂಮಿಗಳದ್ದೇ ಒಂದು ಅಧಿಕೃತ ಪಟ್ಟಿಯಿದೆ. ನಲವತ್ತಕ್ಕೂ ಹೆಚ್ಚು ಜಾಗಗಳು ಅದರಲ್ಲಿವೆ, ಪ್ರತಿಯೊಂದಕ್ಕೂ ನಕ್ಷೆಯಿದೆ, ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಪಟ್ಟಿಗೆ ಸೇರಿದ ಹೊಲದಲ್ಲಿ ರೈತ ಉಳುವುದನ್ನು ಯಾರೂ ತಡೆಯುವುದಿಲ್ಲ. ಅಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ಅಧಿಕಾರಿಗಳು ಎರಡು ಸಲ ಯೋಚಿಸಬೇಕಾಗುತ್ತದೆ, ಅಷ್ಟೇ.

ನಾನು ಕೇಳುವುದೂ ಅಷ್ಟನ್ನೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಭಾಗದ ಎರೆಹೊಲಗಳು ಭತ್ತದ ಗದ್ದೆಗಳಾಗಿವೆ. ಗದ್ದೆಗಾಗಿ ನೆಲ ಸಮ ಮಾಡುವಾಗ ದಿಬ್ಬ, ತಗ್ಗು, ಹಳೆಯ ಒಡ್ಡುಗಳೆಲ್ಲ ಹೋಗುತ್ತವೆ. ರೈತನ ನೀರಿಗೆ ಅಡ್ಡ ಬರುವ ಮಾತು ನನ್ನದಲ್ಲ. ಸಮ ಮಾಡುವ ಮುನ್ನ ಒಮ್ಮೆ ಫೋಟೊ ತೆಗೆದು, ಸರ್ವೆ ನಂಬರಿನೊಂದಿಗೆ ನಕ್ಷೆಯಲ್ಲಿ ಗುರುತು ಹಾಕುವ ವ್ಯವಸ್ಥೆಯಾಗಲಿ. ಗರಸು ತೆಗೆಯಲು ಅನುಮತಿ ಕೊಡುವ ಮುನ್ನ ಪುರಾತತ್ತ್ವ ಇಲಾಖೆಯನ್ನು ಒಂದು ಮಾತು ಕೇಳಲಿ. ತೋಪಿನ ಗುಂಡು ಸಿಕ್ಕರೆ ಗುಜರಿಗೆ ಹಾಕದೆ ತಹಶೀಲ್ದಾರರಿಗೆ ಒಪ್ಪಿಸಬೇಕೆಂದು ಗ್ರಾಮ ಪಂಚಾಯಿತಿಗಳು ಡಂಗುರ ಸಾರಲಿ.

ಇದನ್ನೆಲ್ಲ ಒಂದೆಡೆ ಸೇರಿಸಿ ಎಲ್ಲರಿಗೂ ಸಿಗುವಂತೆ ನಮಗೂ ಒಂದು ಜಾಲತಾಣ ಬೇಕು. ಆ ಕೆಲಸ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಂಥವರು ಕೈಗೆತ್ತಿಕೊಳ್ಳಬೇಕಾದದ್ದು. ಸಿಗುವ ಆಕರಗಳೆಲ್ಲ ಇಂಗ್ಲಿಷಿನಲ್ಲಿವೆ, ಹೆಚ್ಚಿನವು ಗೆದ್ದವರು ಬರೆದವು. ವಾಗಣಗೇರಿ, ಸುರಪುರಗಳಿಗೆ ಸಂಬಂಧಿಸಿದ ಪುಟಗಳನ್ನಾದರೂ ಕನ್ನಡಕ್ಕೆ ತಂದು, ಪಕ್ಕದಲ್ಲಿ ನಮ್ಮ ಹಿರಿಯರ ಬಾಯಲ್ಲಿ ಉಳಿದಿರುವುದನ್ನು ದಾಖಲಿಸಿ ಇಡಬೇಕು. ಪ್ರತಿ ಮಾತಿಗೂ ಅದು ಯಾವ ಗ್ರಂಥದ ಯಾವ ಪುಟದ್ದು ಎಂಬುದು ಇರಲಿ. ಈಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸುರಪುರದ ‘ಇತಿಹಾಸ’ದಲ್ಲಿ ಸತ್ತವರ ಸಂಖ್ಯೆ ತಿಂಗಳಿಗೊಮ್ಮೆ ಬೆಳೆಯುತ್ತಿದೆ, ಅದು ಆ ವೀರರಿಗೆ ಮಾಡುವ ಅವಮಾನ. ಇನ್ನೊಂದು ಎಚ್ಚರಿಕೆ: ವಸ್ತುಗಳು ಸಿಕ್ಕ ನಿಖರ ಜಾಗವನ್ನು ಬಹಿರಂಗವಾಗಿ ಹಾಕಬಾರದು. ನಿಧಿಗಳ್ಳರ ಕಾಟ ನಮ್ಮ ಕಡೆ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತು.

ಗುಡ್ಡ ತೋರಿಸಿದ ಆ ಇಬ್ಬರು ಹಿರಿಯರೂ ಎಂಬತ್ತು ದಾಟಿದವರು. ಎರಡೂ ಗುಡ್ಡಗಳ ಫೋಟೊಗಳು, ಅವರ ಮಾತಿನ ಧ್ವನಿಮುದ್ರಣ ನನ್ನ ಬಳಿ ಇವೆ. ಪುರಾತತ್ತ್ವ ಇಲಾಖೆಯಿಂದಲೋ ವಿಶ್ವವಿದ್ಯಾಲಯದಿಂದಲೋ ಯಾರಾದರೂ ಬರುವುದಾದರೆ, ಮಳೆ ಹಿಡಿಯುವ ಮೊದಲು ಬರಲಿ. ಗುಡ್ಡದ ತನಕ ಜೊತೆಗೆ ನಡೆಯಲು ನಾನು ಸಿದ್ಧನಿದ್ದೇನೆ.

— ನಿವೃತ್ತ ಶಿಕ್ಷಕ, ಸುರಪುರ, ಯಾದಗಿರಿ ಜಿಲ್ಲೆ