ಅತಿಥಿ ದೊರೆ ಬರಲಿ, ಒಪ್ಪಂದದ ಕಡತ ಕಾಯಲಿ

ಮಾನ್ಯ ಸಂಪಾದಕರೇ,

ಚುನಾವಣಾ ಪ್ರಚಾರ ನಡೆಯುತ್ತಿರುವಾಗ ವಿದೇಶಿ ದೊರೆಯ ಅಧಿಕೃತ ಭೇಟಿ ಇಟ್ಟುಕೊಳ್ಳಬಹುದೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ. ಕರೆದ ಅತಿಥಿಗೆ ಬರಬೇಡಿ ಎನ್ನುವುದು ಮರ್ಯಾದೆಯಲ್ಲ ಎಂಬುದು ಒಂದು. ಆಳುವ ಪಕ್ಷಕ್ಕೆ ಸರ್ಕಾರಿ ಖರ್ಚಿನಲ್ಲಿ ಬಿಟ್ಟಿ ಪ್ರಚಾರ ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಎರಡೂ ಕಡೆಯವರು ಭೇಟಿಯನ್ನು ಒಡೆಯಲಾಗದ ಒಂದೇ ಗಂಟು ಎಂದುಕೊಂಡಿದ್ದಾರೆ. ವಾಸ್ತವದಲ್ಲಿ ಅದು ಎರಡು-ಮೂರು ದಿನಗಳ, ನಿಮಿಷದ ಲೆಕ್ಕದಲ್ಲಿ ಬರೆದಿಟ್ಟ ಕಾರ್ಯಕ್ರಮ ಪಟ್ಟಿ. ಅದರಲ್ಲಿ ಕೆಲವು ರಾಷ್ಟ್ರದ ಮುಖ್ಯಸ್ಥರಿಗೆ ಸೇರಿದವು, ಕೆಲವು ಅಂದಿನ ಸರ್ಕಾರಕ್ಕೆ ಸೇರಿದವು. ಸರ್ಕಾರದ ಬಾಬತ್ತುಗಳನ್ನು ಹೊಡೆದುಹಾಕಿದ ಮೇಲೂ ಭೇಟಿಗೆ ಅರ್ಥ ಉಳಿಯುವಂತಿದ್ದರೆ ನಡೆಸಬೇಕು, ಇಲ್ಲದಿದ್ದರೆ ಮುಂದೂಡಬೇಕು.

ಬ್ರಿಟನ್ ಏಳು ವರ್ಷಗಳ ಅಂತರದಲ್ಲಿ ಎರಡನ್ನೂ ಮಾಡಿದೆ. 2017ರ ಏಪ್ರಿಲ್ 18ರಂದು ಅಂದಿನ ಪ್ರಧಾನಿ ತೆರೇಸಾ ಮೇ ಅವಧಿಗೆ ಮುನ್ನ ಚುನಾವಣೆ ಘೋಷಿಸಿದಾಗ, ಸ್ಪೇನ್ ದೊರೆ ಆರನೇ ಫಿಲಿಪೆ ಅವರ ಭೇಟಿ ಜೂನ್ 6ರಿಂದ 8ಕ್ಕೆ ಗೊತ್ತಾಗಿತ್ತು. ಮತದಾನ ಜೂನ್ 8ಕ್ಕೇ. ಅತಿಥಿಯನ್ನು ಬೀಳ್ಕೊಡುವ ದಿನವೇ ಜನ ಮತಗಟ್ಟೆಯಲ್ಲಿರುತ್ತಾರೆ. ಅಂಥ ಪಟ್ಟಿಯಲ್ಲಿ ಏನನ್ನು ಕತ್ತರಿಸಿದರೂ ಪ್ರಯೋಜನವಿಲ್ಲ. ಭೇಟಿ ಜುಲೈ 12ಕ್ಕೆ ಹೋಯಿತು. ಒಂದು ತಿಂಗಳಿಗೂ ಹೆಚ್ಚು ಅಂತರ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತೆಂದರೆ, ಫಲಿತಾಂಶದಲ್ಲಿ ಯಾರಿಗೂ ಬಹುಮತ ಬರಲಿಲ್ಲ, ಮೇ ಅವರು ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ ಜತೆ ಬೆಂಬಲದ ಒಪ್ಪಂದ ಮುಗಿಸುವಷ್ಟರಲ್ಲಿ ಜೂನ್ 26 ಆಗಿತ್ತು. ಮತದಾನದ ಮರುವಾರಕ್ಕೆ ತಳ್ಳಿದ್ದರೆ ದೊರೆ ಬಂದು ಕೂರುತ್ತಿದ್ದುದು ಸರ್ಕಾರ ಇದೆಯೋ ಇಲ್ಲವೋ ತಿಳಿಯದ ರಾಜಧಾನಿಯಲ್ಲಿ. ಮುಂದೂಡುವವರು ಸಾಮಾನ್ಯವಾಗಿ ಎಡವುವುದೇ ಇಲ್ಲಿ: ಮತದಾನದ ದಿನಾಂಕ ನೋಡುತ್ತಾರೆ, ಸರ್ಕಾರ ರಚನೆಗೆ ಹಿಡಿಯುವ ದಿನಗಳನ್ನು ಕೂಡಿಸುವುದಿಲ್ಲ.

ಅದೇ ಫಿಲಿಪೆ 2016ರ ಮಾರ್ಚ್‌ನಲ್ಲೇ ಲಂಡನ್ನಿಗೆ ಬರಬೇಕಿತ್ತು. ಆಗ ತಪ್ಪಿದ್ದು ಅವರ ಮನೆಯ ಕಡೆಯಿಂದ. 2015ರ ಡಿಸೆಂಬರ್ ಚುನಾವಣೆಯ ನಂತರ ಸ್ಪೇನ್‌ನಲ್ಲಿ ಸರ್ಕಾರ ಆಗಿರಲಿಲ್ಲ. ಅಲ್ಲಿನ ಸಂವಿಧಾನದ 99ನೇ ವಿಧಿಯಂತೆ ಪಕ್ಷಗಳ ಪ್ರತಿನಿಧಿಗಳ ಜತೆ ಮಾತಾಡಿ ಪ್ರಧಾನಿ ಅಭ್ಯರ್ಥಿಯನ್ನು ಸೂಚಿಸುವುದು ದೊರೆಯ ಕೆಲಸ. ಆ ಕೆಲಸ ಬಾಕಿ ಇರುವಾಗ ಅವರು ಊರು ಬಿಡುವಂತಿಲ್ಲ. ಹಾಗಾಗಿ ಆತಿಥೇಯರ ಪಂಚಾಂಗ ಮಾತ್ರ ನೋಡಿದರೆ ಸಾಲದು. 1974ರಲ್ಲಿ ಎಲಿಜಬೆತ್ ರಾಣಿ ಫೆಬ್ರುವರಿ 28ರಂದು ಕ್ಯಾನ್‌ಬೆರಾದಲ್ಲಿ ಸಂಸತ್ತು ಉದ್ಘಾಟಿಸಿ, ಆಸ್ಟ್ರೇಲಿಯಾ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಲಂಡನ್ನಿಗೆ ಹಾರಿದ್ದೂ ಇದೇ ಕಾರಣಕ್ಕೆ. ಅಂದು ಬ್ರಿಟನ್ನಿನಲ್ಲಿ ಮತದಾನ.

ಇನ್ನು 2024. ಮೇ 22ರಂದು ರಿಷಿ ಸುನಕ್ ಜುಲೈ 4ಕ್ಕೆ ಚುನಾವಣೆ ಎಂದರು. ಪ್ರಚಾರದಿಂದ ಗಮನ ಬೇರೆಡೆ ಸೆಳೆಯಬಹುದಾದ ಕಾರ್ಯಕ್ರಮಗಳನ್ನು ಮುಂದೂಡುತ್ತೇವೆ ಎಂದು ಅರಮನೆ ಒಡನೆಯೇ ತಿಳಿಸಿತು. ಆದರೆ ಜಪಾನ್ ಚಕ್ರವರ್ತಿ ನರುಹಿತೊ ದಂಪತಿಯ ಜೂನ್ 25ರಿಂದ 27ರ ಭೇಟಿಯನ್ನು ಕೈಬಿಡಲಿಲ್ಲ. ಕೋವಿಡ್‌ನಿಂದಾಗಿ 2020ರಲ್ಲಿ ಒಮ್ಮೆ ತಪ್ಪಿದ ಭೇಟಿ ಅದು. ಜಪಾನ್ ಚಕ್ರವರ್ತಿ ಬ್ರಿಟನ್ನಿಗೆ ಹೀಗೆ ಅಧಿಕೃತವಾಗಿ ಹೋಗಿದ್ದು 1971, 1998 ಬಿಟ್ಟರೆ ಅದೇ ಮೊದಲು. ಅದಕ್ಕಿಂತ ಮುಖ್ಯವಾಗಿ, ಜಪಾನ್ ಸಂವಿಧಾನದ 4ನೇ ವಿಧಿ ಚಕ್ರವರ್ತಿಗೆ ಆಡಳಿತದ ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಅವರ ಜತೆ ಕೂತು ಸಹಿ ಹಾಕಿಸುವಂಥದ್ದು ಏನೂ ಇರುವುದಿಲ್ಲ.

ಆಮೇಲೆ ಕತ್ತರಿ ಆಡಿಸಿದ ರೀತಿ ನೋಡಿ. ಹಾರ್ಸ್ ಗಾರ್ಡ್ಸ್ ಮೈದಾನದ ಸ್ವಾಗತ, ಗ್ರೀನ್ ಪಾರ್ಕಿನಲ್ಲಿ 41 ಸುತ್ತು ಕುಶಾಲತೋಪು, ಮಾಲ್ ರಸ್ತೆಯ ಸಾರೋಟು ಮೆರವಣಿಗೆ, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅನಾಮಿಕ ಯೋಧನ ಸಮಾಧಿಗೆ ಪುಷ್ಪಗುಚ್ಛ, ಬಕಿಂಗ್‌ಹ್ಯಾಮ್ ಅರಮನೆಯ ಔತಣ, ಮರುದಿನ ಗಿಲ್ಡ್‌ಹಾಲ್‌ನಲ್ಲಿ ಲಂಡನ್ ನಗರದ ಲಾರ್ಡ್ ಮೇಯರ್ ಔತಣ ಎಲ್ಲವೂ ಉಳಿದವು. ಸಾಮಾನ್ಯ ಪಟ್ಟಿಯಲ್ಲಿರುವ, ಪ್ರಧಾನಿ ನಿವಾಸ ಡೌನಿಂಗ್ ಸ್ಟ್ರೀಟ್‌ನ ಮಾತುಕತೆ ಹೋಯಿತು. ಸಂಸತ್ತಿನ ಭಾಷಣವಂತೂ ಸಾಧ್ಯವೇ ಇರಲಿಲ್ಲ: ಮೇ 30ಕ್ಕೆ ಸಂಸತ್ತು ವಿಸರ್ಜನೆಯಾಗಿತ್ತು, ವಿಸರ್ಜನೆಯಾದ ಗಳಿಗೆಯಿಂದ ಅಲ್ಲಿ ಯಾರೂ ಸಂಸದರಲ್ಲ. ಔತಣದ ಭಾಷಣದಲ್ಲಿ ಚಾರ್ಲ್ಸ್ ದೊರೆ ಹೆಲೋ ಕಿಟ್ಟಿಗೆ 50 ತುಂಬಿದ್ದನ್ನೂ ಪೋಕೆಮಾನನ್ನೂ ನೆನೆದರು. ಕೆಲವರು ನಕ್ಕರು. ಪ್ರಚಾರದ ಕೊನೆಯ ವಾರಗಳಲ್ಲಿ ಭಾಷಣ ಬರೆಯುವವರಿಗೆ ಇದಕ್ಕಿಂತ ಕ್ಷೇಮದ ವಸ್ತು ಸಿಕ್ಕೀತೇ?

ಪ್ರಧಾನಿಯ ಪಾತ್ರ ಎಷ್ಟು ಎಂಬುದನ್ನು ಮೊದಲೇ ಬರೆದಿಡದಿದ್ದರೆ ಏನಾಗುತ್ತದೆಂಬುದಕ್ಕೂ ಅದೇ ಜೂನ್ ಉದಾಹರಣೆ ಕೊಟ್ಟಿದೆ. 6ರಂದು ನಾರ್ಮಂಡಿಯ ಡಿ-ಡೇ 80ನೇ ಸ್ಮರಣೆಯಿಂದ ಸುನಕ್ ಬೇಗ ಎದ್ದುಹೋದರು, ಮರುದಿನ ಕ್ಷಮೆ ಕೇಳಬೇಕಾಯಿತು. ಸಮಾರಂಭದಲ್ಲಿ ಕಾಣಿಸಿಕೊಂಡರೆ ಪ್ರಚಾರ, ಕಾಣಿಸಿಕೊಳ್ಳದಿದ್ದರೆ ಅವಮರ್ಯಾದೆ ಎಂಬ ಇಕ್ಕಟ್ಟು ಇದು. ಯಾವ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ವಿರೋಧ ಪಕ್ಷದ ನಾಯಕರಿಗೂ ತೋರಿಸಿ ಮೊದಲೇ ಗೊತ್ತುಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ದೊರೆಯೇ ಆತಿಥೇಯ ದೇಶಕ್ಕೂ ಮುಖ್ಯಸ್ಥರಾಗಿದ್ದರೆ ಮಾತ್ರ ಈ ಕತ್ತರಿ ಕೆಲಸ ಮಾಡುವುದಿಲ್ಲ. 1984ರ ಜುಲೈನಲ್ಲಿ ಕೆನಡಾ ಪ್ರಧಾನಿ ಜಾನ್ ಟರ್ನರ್ ವಿಂಡ್ಸರ್‌ಗೆ ಹೋಗಿ, ಚುನಾವಣೆ ಕರೆಯುತ್ತಿದ್ದೇನೆ, ಪ್ರವಾಸ ಮುಂದೂಡಿ ಎಂದು ರಾಣಿಯನ್ನು ಕೇಳಿಕೊಂಡರು. ಅವರು ಕೆನಡಾದ ರಾಣಿಯೂ ಹೌದು. ಊರೂರಲ್ಲಿ ಪ್ರಧಾನಿ, ಪ್ರಾಂತ್ಯದ ಮುಖ್ಯಸ್ಥರು ಪಕ್ಕದಲ್ಲಿ ನಿಲ್ಲುವುದೇ ಅಂಥ ಪ್ರವಾಸದ ತಿರುಳು, ಅದನ್ನು ತೆಗೆದರೆ ಉಳಿಯುವುದು ಏನಿಲ್ಲ. ಸೆಪ್ಟೆಂಬರ್ 4ಕ್ಕೆ ಮತದಾನವಾಗಿ, ಟರ್ನರ್ ಸೋತು, ತಿಂಗಳ ಕೊನೆಯಲ್ಲಿ ರಾಣಿ ಬಂದಾಗ ಬ್ರಯನ್ ಮಲ್ರೋನಿ ಪ್ರಧಾನಿಯಾಗಿದ್ದರು.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಇಲ್ಲಿ ಲೋಕಸಭೆ ಸಾಮಾನ್ಯವಾಗಿ ಫಲಿತಾಂಶದ ನಂತರವೇ ವಿಸರ್ಜನೆಯಾಗುತ್ತದೆ (2024ರಲ್ಲಿ ಜೂನ್ 5ಕ್ಕೆ). ಆದ್ದರಿಂದ ಬ್ರಿಟನ್ನಿನಲ್ಲಿ ಖಾಲಿ ಸಭಾಂಗಣವೇ ಹಾಕುವ ಕಡಿವಾಣವನ್ನು ನಮ್ಮಲ್ಲಿ ಮಾದರಿ ನೀತಿ ಸಂಹಿತೆ ಹಾಕಬೇಕು. ಸಂಹಿತೆ ಹೇಳುವುದು ಸ್ಪಷ್ಟ: ಸಚಿವರು ಸರ್ಕಾರಿ ಪ್ರವಾಸಕ್ಕೆ ಪ್ರಚಾರವನ್ನು ಬೆಸೆಯಬಾರದು, ಸರ್ಕಾರಿ ಹಣದಲ್ಲಿ ಸಾಧನೆಯ ಜಾಹೀರಾತು ಕೂಡದು, ಹೊಸ ಯೋಜನೆ, ಅನುದಾನ ಘೋಷಿಸಬಾರದು. ವಿಮಾನ ನಿಲ್ದಾಣದಿಂದ ರಾಷ್ಟ್ರಪತಿ ಭವನದವರೆಗೆ ಅತಿಥಿಯ ಜತೆ ಪ್ರಧಾನಿ ನಗುತ್ತಿರುವ ಸ್ವಾಗತ ಫಲಕ ಹಾಕುವ ರೂಢಿ ನಮ್ಮದು. ಸಂಹಿತೆ ಜಾರಿಯಲ್ಲಿದ್ದಾಗ ಆ ಫಲಕದಲ್ಲಿ ಎರಡು ದೇಶಗಳ ಧ್ವಜ, ಹೆಚ್ಚೆಂದರೆ ರಾಷ್ಟ್ರಪತಿ ಮತ್ತು ಅತಿಥಿಯ ಚಿತ್ರ ಇದ್ದರೆ ಸಾಕು. ಇಲ್ಲದಿದ್ದರೆ ಮೊದಲ ದೂರು ಬರುವುದು ಅದರ ಮೇಲೇ, ರಾತ್ರೋರಾತ್ರಿ ಬಟ್ಟೆ ಮುಚ್ಚುವ ಪಾಡು ಅಧಿಕಾರಿಗಳದು.

ರಾಷ್ಟ್ರಪತಿ ಭವನದ ಅಂಗಳದಲ್ಲಿ ಗೌರವ ವಂದನೆ, 21 ಕುಶಾಲತೋಪು, ರಾಜ್‌ಘಾಟ್, ರಾಷ್ಟ್ರಪತಿಗಳ ಔತಣ ಇವಿಷ್ಟೂ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಹೈದರಾಬಾದ್ ಹೌಸ್‌ನ ನಿಯೋಗ ಮಟ್ಟದ ಮಾತುಕತೆ, ಒಡಂಬಡಿಕೆಗಳ ವಿನಿಮಯ, ಜಂಟಿ ಪತ್ರಿಕಾ ಹೇಳಿಕೆ ಸರ್ಕಾರದ್ದು. ಅವುಗಳಲ್ಲಿ ಮಾತುಕತೆ ಇರಲಿ, ಬಾಗಿಲು ಮುಚ್ಚಿ ನಡೆಯಲಿ. ಒಡಂಬಡಿಕೆಯನ್ನು ಮುಂದಿನ ಸರ್ಕಾರಕ್ಕೆ ಬಿಡಿ. ತುರ್ತಾಗಿ ನವೀಕರಿಸಬೇಕಾದ್ದಿದ್ದರೆ ಅಧಿಕಾರಿ ಮಟ್ಟದಲ್ಲಿ ಕ್ಯಾಮೆರಾ ಇಲ್ಲದೆ ಸಹಿಯಾಗಬಹುದು. ವಿರೋಧ ಪಕ್ಷದ ನಾಯಕರು ಅತಿಥಿಯನ್ನು ಕಾಣುವ ಸಮಯವನ್ನಂತೂ ಪಟ್ಟಿಯಿಂದ ತೆಗೆಯಲೇಬಾರದು.

ಭೂತಾನ್ ದೊರೆ ಜಿಗ್ಮೆ ಖೇಸರ್ ನಾಮ್‌ಗ್ಯೇಲ್ ವಾಂಗ್‌ಚುಕ್ 2023ರ ನವೆಂಬರ್ 3ರಿಂದ 10ರವರೆಗೆ ಭಾರತದಲ್ಲಿದ್ದರು. 7ರಂದು ಮಿಜೋರಾಂ ಮತ್ತು ಛತ್ತೀಸ್‌ಗಢದ ಮೊದಲ ಹಂತದ ಮತದಾನ ನಡೆಯಿತು. ಅವರು ಓಡಾಡಿದ್ದು ಅಸ್ಸಾಂ, ದೆಹಲಿ, ಮಹಾರಾಷ್ಟ್ರದಲ್ಲಿ. ಐದು ಚುನಾವಣಾ ರಾಜ್ಯಗಳ ಪೈಕಿ ಒಂದರಲ್ಲೂ ಅಲ್ಲ. ಯಾರಿಗೂ ತೊಂದರೆಯಾಗಲಿಲ್ಲ. ರಾಜ್ಯ ಚುನಾವಣೆಗಳಿಗೆ ಇದೇ ಸರಿಯಾದ ಕ್ರಮ. ಅದಕ್ಕೆ ಹೋಲಿಸಿದರೆ, 2024ರ ಮಾರ್ಚ್ 16ಕ್ಕೆ ಸಂಹಿತೆ ಜಾರಿಯಾದ ಮೇಲೆ ಪ್ರಧಾನಿ ನರೇಂದ್ರ ಮೋದಿ 22ರಂದು ಭೂತಾನ್‌ಗೆ ಹೋದದ್ದು ಪೂರ್ತಿ ತಕರಾರಿಲ್ಲದ ಉದಾಹರಣೆಯಲ್ಲ. ಹೋಗಿದ್ದು ತಪ್ಪಲ್ಲ; ನೆರೆಯವರ ಆಹ್ವಾನ. ಆದರೆ ಐದು ವರ್ಷಕ್ಕೆ 10,000 ಕೋಟಿ ರೂಪಾಯಿ ನೆರವಿನ ಘೋಷಣೆ ಮತ್ತು ಆ ದೇಶದ ಅತ್ಯುನ್ನತ ಪುರಸ್ಕಾರ ಸ್ವೀಕಾರ ಎರಡೂ ಜೂನ್‌ವರೆಗೆ ಕಾಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಯಾವ ಪಕ್ಷದ ಪ್ರಧಾನಿ ಇದ್ದರೂ ಇದನ್ನೇ ಹೇಳುತ್ತಿದ್ದೆ.

ಪೊಲೀಸರ ಮಾತು ಬಿಟ್ಟರೆ ಚಿತ್ರ ಪೂರ್ತಿಯಾಗದು. ದೊರೆ ಸಾಗುವ ದಾರಿಯ ಬಂದೋಬಸ್ತು, ಬೆಂಗಾವಲು ವಾಹನಗಳ ರಿಹರ್ಸಲ್, ಪರ್ಯಾಯ ಮಾರ್ಗ, ಸಿದ್ಧವಾಗಿರಬೇಕಾದ ಆಸ್ಪತ್ರೆ ಇವೆಲ್ಲಕ್ಕೂ ಬೇಕಾಗುವ ಸಿಬ್ಬಂದಿಯೇ ಮತಗಟ್ಟೆ, ಸ್ಟ್ರಾಂಗ್ ರೂಮ್, ಚೆಕ್‌ಪೋಸ್ಟ್‌ಗೂ ಬೇಕು. ಆದ್ದರಿಂದ ಅತಿಥಿಯನ್ನು ಬೆಂಗಳೂರಿಗೋ ಮೈಸೂರಿಗೋ ಕರೆತರುವ ಎರಡನೇ ಚರಣವಿದ್ದರೆ, ಅಲ್ಲಿ ಮತದಾನ ಬಾಕಿ ಇರುವಾಗ ಅದನ್ನು ಕೈಬಿಟ್ಟು ದೆಹಲಿಯಲ್ಲೇ ಮುಗಿಸಬೇಕು.

ಇದನ್ನೆಲ್ಲ ಪ್ರತಿ ಬಾರಿ ಜಗಳವಾಡಿ ತೀರ್ಮಾನಿಸುವ ಬದಲು ವಿದೇಶಾಂಗ ಸಚಿವಾಲಯ ಮತ್ತು ಚುನಾವಣಾ ಆಯೋಗ ಕೂತು ಒಂದು ಲಿಖಿತ ಕ್ರಮ ಹೊರಡಿಸಲಿ. ಭೇಟಿಯ ದಿನಗಳಲ್ಲಿ ಮತದಾನವೋ ಎಣಿಕೆಯೋ ಬಿದ್ದರೆ ಮುಂದೂಡಿಕೆ, ಹೊಸ ದಿನಾಂಕ ಸರ್ಕಾರ ರಚನೆಯ ನಂತರ. ಉಳಿದಂತೆ ಕತ್ತರಿಸಿದ ಪಟ್ಟಿ, ಅದೂ ಅತಿಥಿ ಹೊರಡುವ ಮುನ್ನ ಪತ್ರಿಕೆಗಳಿಗೆ ಬಿಡುಗಡೆ.

— ನಿವೃತ್ತ ಶಿಷ್ಟಾಚಾರ ಅಧಿಕಾರಿ, ಮೈಸೂರು