ಅಕ್ಕನಿಗೆ ಮತ್ತು ಉಳಿದೆಲ್ಲರಿಗೆ

ಹೊಸ ಹುದ್ದೆಯಲ್ಲಿ ನನ್ನ ಪ್ರೊಬೇಷನ್ ಅವಧಿ ಮುಗಿದು, ಕೆಲಸ ಕಾಯಂ ಆಗಿದೆ ಎಂಬ ಪತ್ರ ಈ ವಾರ ಕೈಸೇರಿತು. ಹಿಂದಿನ ಕೆಲಸ ಹೋದದ್ದು ಹೇಗೆ, ಆಮೇಲೆ ಏನೇನಾಯಿತು ಎಂಬುದು ಇದನ್ನು ಓದುವ ಬಹುಪಾಲು ಜನರಿಗೆ ಗೊತ್ತೇ ಇರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಆಗಾಗ ಬಾಯಿಮಾತಿನಲ್ಲಿ ಹೇಳಿದ ಧನ್ಯವಾದ ಸಾಲದು ಎನ್ನಿಸಿದ್ದರಿಂದ ಎಲ್ಲರೆದುರು ಬರೆದು ಹೇಳುತ್ತಿದ್ದೇನೆ.

ಅಣಕು ಸಂದರ್ಶನ ನಡೆಸಿ ಸಿದ್ಧಪಡಿಸಿದ ಗೆಳೆಯರಿಗೆ, ಒಂದು ದಿನವೂ ಖರ್ಚಿನ ಮಾತೆತ್ತದೆ ಸಂಸಾರ ತೂಗಿಸಿದ ಮನೆಯವರಿಗೆ, ನನ್ನ ಹೆಸರನ್ನು ನಾಲ್ಕು ಕಡೆ ಹೇಳಿದ ಹಳೆಯ ಸಹೋದ್ಯೋಗಿಗಳಿಗೆ ನಾನು ಋಣಿ. ಈ ಹುದ್ದೆ ಖಾಲಿ ಇರುವ ಸುದ್ದಿಯನ್ನು ಮುಟ್ಟಿಸಿದವರು ಮಾತ್ರ ಆಪ್ತರಲ್ಲ, ಅಪರೂಪಕ್ಕೊಮ್ಮೆ ಕುಶಲ ವಿಚಾರಿಸುವಷ್ಟೇ ಪರಿಚಯವಿದ್ದವರು. ಆಪ್ತರಿಗೆ ಗೊತ್ತಿರುವುದು ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದ ಪರಿಚಯಗಳಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಅದರ ಫಲವನ್ನು ನಾನು ಉಂಡಿದ್ದೇನೆ, ಆ ಪರಿಚಿತರಿಗೆ ನಮಸ್ಕಾರ.

ಇನ್ನು ಅಕ್ಕನ ವಿಷಯ. ಹಿಂದಿನ ಕಚೇರಿಯಲ್ಲಿ ನನಗಿಂತ ಹಿರಿಯರಾಗಿದ್ದ ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಕೊನೆಯ ಸುತ್ತಿನವರೆಗೂ ಕರೆದಿದ್ದ ಒಂದು ಸಂಸ್ಥೆಯಿಂದ ‘ವಿಷಾದಿಸುತ್ತೇವೆ’ ಎಂಬ ಪತ್ರ ಬಂದ ಸಂಜೆ, ಮರುದಿನವೇ ಕೊನೆಯ ದಿನಾಂಕವಿದ್ದ ಇನ್ನೊಂದು ಅರ್ಜಿಯನ್ನು ಹಾಕುವುದಿಲ್ಲವೆಂದು ತೀರ್ಮಾನಿಸಿ, ಅಷ್ಟನ್ನು ತಿಳಿಸಲೆಂದೇ ಅವರಿಗೆ ಫೋನ್ ಮಾಡಿದ್ದೆ. ಅವರು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ‘ಹಾಕಬೇಕೋ ಬೇಡವೋ ಬೆಳಿಗ್ಗೆ ನೋಡೋಣ. ಈಗ ನಿನ್ನ ರೆಸ್ಯೂಮೆ ತೆಗೆದು ಮೊದಲನೇ ಸಾಲು ಓದು’ ಎಂದರು.

‘ಗ್ರಾಹಕರ ದೂರುಗಳ ನಿರ್ವಹಣೆಯ ಹೊಣೆ ಹೊತ್ತಿದ್ದೆ’ ಎಂದು ಓದಿದೆ. ‘ನೀನು ಬರುವುದಕ್ಕೆ ಮುಂಚೆ ಅದು ಹೇಗೆ ನಡೆಯುತ್ತಿತ್ತು? ನೀನು ಬಂದ ಮೇಲೆ ಏನು ಬದಲಾಯಿತು?’ ಎಂದು ಕೇಳಿದರು. ಒಂದೇ ದೂರು ಮೂರು ಮೇಜುಗಳ ನಡುವೆ ಅಲೆಯುತ್ತಿದ್ದುದನ್ನು ನಿಲ್ಲಿಸಿ, ಬಂದ ದೂರನ್ನು ಕೊನೆಯವರೆಗೆ ಒಬ್ಬರೇ ನೋಡಿಕೊಳ್ಳುವ ಪದ್ಧತಿ ತಂದದ್ದನ್ನು ಹೇಳಿದೆ. ‘ಅದನ್ನೇ ಬರಿ’ ಎಂದರು. ಬರೆದು, ಗಟ್ಟಿಯಾಗಿ ಓದುವಾಗ ನನಗೆ ಅಳು ಬಂತು. ನಾನು ಏನನ್ನೂ ಮಾಡಿದವನಲ್ಲ, ಇನ್ನು ಯಾರಿಗೂ ಬೇಡದವನು ಎಂಬ ನಂಬಿಕೆ ತಿಂಗಳುಗಳಿಂದ ಬೇರುಬಿಟ್ಟಿತ್ತು, ಹಗಲಿನಲ್ಲಿ ಯಾರೊಡನೆಯೂ ಆಡಲಾಗದ ಆ ಮಾತನ್ನೆಲ್ಲ ಆಗ ಅವರೆದುರು ಆಡಿಬಿಟ್ಟೆ. ಅವರು ಕೇಳಿಸಿಕೊಂಡರು. ನನ್ನ ಮಾತು ಮುಗಿದ ಮೇಲೆ ‘ಸರಿ, ಎರಡನೇ ಸಾಲು’ ಎಂದರು. ಬೆಳಕು ಹರಿಯುವ ಹೊತ್ತಿಗೆ ರೆಸ್ಯೂಮೆ ಮುಗಿದಿತ್ತು, ಅರ್ಜಿಯನ್ನೂ ಹಾಕಿದ್ದೆ. ಅಂದು ಬೆಳಿಗ್ಗೆ ಅವರು ಎಂದಿನಂತೆ ತಮ್ಮ ಕೆಲಸಕ್ಕೆ ಹೋದರು.

ಹುಮ್ಮಸ್ಸು ಮೊದಲು ಬರಬೇಕು, ಆಮೇಲೆ ಕೆಲಸ ಎಂದು ನಾವು ಕಾಯುತ್ತೇವೆ. ನನ್ನ ಮಟ್ಟಿಗೆ ಅದು ತಿರುಗುಮುರುಗಾಗಿಯೇ ನಡೆಯಿತು. ಸಂಶೋಧಕರಾದ ತೆರೆಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 238 ಉದ್ಯೋಗಿಗಳು ಬರೆದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಪರಿಶೀಲಿಸಿದಾಗ, ದಿನವನ್ನು ಒಳ್ಳೆಯದಾಗಿಸುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಅರ್ಥವಿರುವ ಕೆಲಸದಲ್ಲಿ ಕಾಣುವ ಮುನ್ನಡೆ, ಅದು ಎಷ್ಟೇ ಚಿಕ್ಕದಾಗಿರಲಿ. ಅಕ್ಕ ಆ ರಾತ್ರಿ ನನಗೆ ಕೊಟ್ಟದ್ದು ಅಂಥ ಒಂದು ಸಾಲಿನ ಮುನ್ನಡೆಯನ್ನು. ಧೈರ್ಯ ಹೇಳಿದವರ ಪ್ರೀತಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಆದರೆ ತನ್ನ ಮೇಲೆಯೇ ನಂಬಿಕೆ ಕಳೆದುಕೊಂಡವನಿಗೆ ಹೊಗಳಿಕೆಗಿಂತ ಅವನು ಮಾಡಿದ ಕೆಲಸದ ಬಗ್ಗೆ ಒಂದು ನೇರ ಪ್ರಶ್ನೆ ಹೆಚ್ಚು ಆಸರೆಯಾಗುತ್ತದೆ.

ಮುಂದಿನ ವಾರಗಳಲ್ಲೂ ಅವರು ಕೈಬಿಡಲಿಲ್ಲ. ‘ನಾಳೆ ಅರ್ಜಿ ಹಾಕುತ್ತೇನೆ’ ಎಂದರೆ ಅವರು ಒಪ್ಪುತ್ತಿರಲಿಲ್ಲ. ‘ನಾಳೆ ಬೆಳಿಗ್ಗೆ ಒಂಬತ್ತಕ್ಕೆ, ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು, ಅರ್ಜಿಯ ಎರಡನೇ ಪುಟ ತುಂಬುತ್ತೇನೆ’ ಎಂದು ಹೇಳಿಸಿಯೇ ಫೋನ್ ಇಡುತ್ತಿದ್ದರು. ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಶ್ಚಯಿಸಿಕೊಂಡರೆ ಸಂಕಲ್ಪ ಕಾರ್ಯಕ್ಕಿಳಿಯುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ವಿವರವಾಗಿ ತೋರಿಸಿಕೊಟ್ಟಿದ್ದಾರೆ. ಅಕ್ಕನಿಗೆ ಅದು ಅನುಭವದಿಂದ ಬಂದ ರೂಢಿ. ಕರೆ ಬಂತೇ, ಆಯ್ಕೆಯಾಯಿತೇ ಎಂದು ಅವರು ಎಂದೂ ಕೇಳಲಿಲ್ಲ. ಅವು ನನ್ನ ಕೈಯಲ್ಲಿರಲಿಲ್ಲ. ಕಳುಹಿಸಿದ ಅರ್ಜಿ, ಮಾತನಾಡಿಸಿದ ಜನ, ಕಲಿತ ಪಾಠ, ಇಷ್ಟನ್ನೇ ವಾರದ ಕೊನೆಗೆ ಕೇಳಿ ಬರೆಸುತ್ತಿದ್ದರು.

ಅಕ್ಕ, ಇದನ್ನು ಓದಿ ನೀವು ‘ಇಷ್ಟುದ್ದ ಯಾಕೆ’ ಎನ್ನುತ್ತೀರಿ. ನಿಮಗೆ ಉದ್ದವೆನಿಸಿದರೂ ಇದರಲ್ಲಿ ಒಂದು ಮಾತನ್ನೂ ತೆಗೆಯಲಾರೆ.

ಕೆಲಸ ಹುಡುಕುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ರೆಸ್ಯೂಮೆಯನ್ನು ನನಗೆ ಕಳುಹಿಸಿ. ಭಾನುವಾರ ಬೆಳಗಿನ ಹೊತ್ತನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೇನೆ. ಮೊದಲ ಸಾಲಿನಿಂದಲೇ ಶುರುಮಾಡೋಣ.